ಭಾಯ್‌ಗೆ ಓಡಿ ಎನ್ನುವವರು ಯಾರು

ನಾಲ್ಕು ಊರಿನ ಫುಟ್‌ಬಾಲ್ ಟೂರ್ನಿಯ ಮೊದಲ ಸುತ್ತಿನಲ್ಲಿ ನಮ್ಮ ಸವಣೂರಿನ ತಂಡ ಮೂರೂ ಪಂದ್ಯ ಸೋತಿತು. ಶಿಗ್ಗಾವಿಯವರ ಕೈಲಿ ಸೋತೆವು, ಹಿರೇಕೆರೂರಿನವರ ಕೈಲಿ ಸೋತೆವು. ಹಾನಗಲ್ಲಿನವರಂತೂ ಐದು ಗೋಲು ಹೊಡೆದು, ಆರನೆಯದಕ್ಕೆ ಮನಸ್ಸು ಬಾರದೆ ಚೆಂಡನ್ನು ತಮ್ಮತಮ್ಮಲ್ಲೇ ಆಡಿಸಿಕೊಂಡು ಹೊತ್ತು ಕಳೆದರು. ನಾನು ಕೆರಳಿದ್ದು ಆಗಲೇ. ಗೋಲು ಹೊಡೆಸಿಕೊಳ್ಳುವುದು ಆಟದಲ್ಲಿ ಇದ್ದದ್ದೇ. ಎದುರಾಳಿಯಿಂದ ಕನಿಕರ ಪಡೆಯುವುದನ್ನು ಮಾತ್ರ ನನ್ನಿಂದ ಸಹಿಸಲಾಗುವುದಿಲ್ಲ.

ಪಂದ್ಯ ಮುಗಿದ ಮೇಲೆ ಸಂಘಟಕರಲ್ಲಿ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ಬೇರೆ ತಾಲ್ಲೂಕಿನ ತಂಡವೊಂದು ಕಾದು ಕುಳಿತಿದೆ, ಈ ಸಲ ಯಾರು ಕೊನೆಯ ಸ್ಥಾನದಲ್ಲಿ ಉಳಿಯುತ್ತಾರೋ ಮುಂದಿನ ವರ್ಷ ಅವರ ಜಾಗ ಅದಕ್ಕೆ ಹೋಗುತ್ತದೆ ಎಂದರು. "ಬ್ಯಾಸರ ಮಾಡ್ಕೋಬ್ಯಾಡ್ರಿ ಮಾಸ್ತರ, ಎಲ್ಲಾರಿಗೂ ಒಂದ ನಿಯಮ," ಎಂದು ಬೆನ್ನು ತಟ್ಟಿದರು. ಆ ಕೊನೆಯ ಜಾಗ ಯಾರದೆಂದು ಅವರು ಆಗಲೇ ತೀರ್ಮಾನಿಸಿದ್ದು ತಟ್ಟಿದ ರೀತಿಯಲ್ಲೇ ತಿಳಿಯುತ್ತಿತ್ತು. ನಮ್ಮವರಿಗೆ ಇದೊಂದೇ ಟೂರ್ನಿ. ಟೇಲರ್ ಅಂಗಡಿ, ಗ್ಯಾರೇಜು, ಕಿರಾಣಿ, ಹೊಲ ಎಂದು ದಿನವಿಡೀ ದುಡಿದು ಸಂಜೆ ಮೈದಾನಕ್ಕೆ ಬರುವವರು. ಆಡಲು ಪಂದ್ಯವೇ ಇಲ್ಲವೆಂದರೆ ಸ್ವಲ್ಪ ದಿನ ಬಂದಾರು, ಆಮೇಲೆ ಒಬ್ಬೊಬ್ಬರೇ ತಪ್ಪಿಸುತ್ತಾರೆ, ತಂಡ ಸದ್ದಿಲ್ಲದೆ ಮುಗಿದುಹೋಗುತ್ತದೆ. ಹೈಸ್ಕೂಲಿನ ಪಿ.ಟಿ. ಮಾಸ್ತರನಾದ ನನಗೂ ಮಕ್ಕಳ ಕವಾಯತು ಬಿಟ್ಟರೆ ಬೇರೆ ಗತಿ ಇರುವುದಿಲ್ಲ. ಇಡೀ ದಿನದಲ್ಲಿ ನಾನು ನಿಜವಾಗಿ ಬದುಕಿರುತ್ತಿದ್ದದ್ದು ಆ ಸಂಜೆಯ ಹೊತ್ತಿನಲ್ಲಿ.

ಸೋಲಿನ ಕಾರಣ ನನಗೆ ಗೊತ್ತಿತ್ತು. ಎಲ್ಲರಿಗಿಂತ ಮುಂದೆ ನಿಂತು ಗೋಲು ಹೊಡೆಯಬೇಕಾದ ನಮ್ಮ ಮುಂದಾಳಿಗೂ ಕೊನೆಯ ರಕ್ಷಣೆಯವನಿಗೂ ನಡುವೆ ಅರ್ಧ ಮೈದಾನ ಖಾಲಿ ಬಿದ್ದಿರುತ್ತಿತ್ತು. ಎದುರಾಳಿಗಳು ಆ ಖಾಲಿ ಜಾಗದಲ್ಲಿ ಚೆಂಡಿಟ್ಟುಕೊಂಡು, ತಲೆಯೆತ್ತಿ ನೋಡಿ, ಬೇಕಾದವನಿಗೆ ಬೇಕಾದ ಹಾಗೆ ಕೊಡುತ್ತಿದ್ದರು. ನಮ್ಮಲ್ಲಿ ಒಬ್ಬ ಚೆಂಡಿನ ಮೇಲೆ ನುಗ್ಗುತ್ತಿದ್ದ, ಉಳಿದವರು ಅವನೇನು ಮಾಡುತ್ತಾನೋ ಎಂದು ನೋಡುತ್ತಿದ್ದರು. ಅವನನ್ನು ದಾಟಿದ ಮೇಲೆ ಇನ್ನೊಬ್ಬ ನುಗ್ಗುತ್ತಿದ್ದ. ಹೀಗೆ ಸರದಿಯಲ್ಲಿ ಒಬ್ಬೊಬ್ಬರೇ ಹೋಗಿ ದಾಟಿಸಿಕೊಂಡು ಬರುವುದಕ್ಕೆ ರಕ್ಷಣೆ ಎಂದು ಹೆಸರಿಟ್ಟುಕೊಂಡಿದ್ದೆವು.

ಅವೇ ಮೂರು ತಂಡಗಳ ಜೊತೆ ಮತ್ತೊಮ್ಮೆ ಆಡಬೇಕಿದ್ದ ಎರಡನೆಯ ಸುತ್ತಿಗೆ ಮುಂಚೆ ಸಿಕ್ಕ ಬಿಡುವಿನಲ್ಲಿ, ಅಭ್ಯಾಸದಲ್ಲಿ ಚೆಂಡು ಒದೆಯುವುದನ್ನೇ ನಿಲ್ಲಿಸಿದೆ. ಚೆಂಡನ್ನು ಕಂಕುಳಲ್ಲಿ ಹಿಡಿದು ಮೈದಾನದಲ್ಲಿ ನಾನೇ ನಡೆಯುತ್ತಿದ್ದೆ. ನಾನು ಎಡಕ್ಕೆ ಹೋದರೆ ಇಡೀ ತಂಡ ಎಡಕ್ಕೆ ಸರಿಯಬೇಕು, ಬಲದಂಡೆ ಖಾಲಿ ಬಿದ್ದರೂ ಚಿಂತೆಯಿಲ್ಲ. ನಾನು ಹಿಂದಕ್ಕೆ ಹೆಜ್ಜೆಯಿಟ್ಟರೆ ಎಲ್ಲರೂ ಮುಂದಕ್ಕೆ. ಮುಂದಿನವನಿಂದ ಹಿಂದಿನವನವರೆಗೆ ಮೂರು ಲಾರಿ ಸಾಲಾಗಿ ನಿಂತಷ್ಟೇ ಉದ್ದ ಇರಬೇಕು, ನಾಲ್ಕನೆಯ ಲಾರಿಗೆ ಜಾಗ ಕಂಡರೆ ಅಂದಿನ ಚಹಾ ಇಲ್ಲ ಎಂದು ಹೇಳಿದ್ದೆ. ಹಿಂದಿನ ನಾಲ್ವರ ಕೈಗೆ ಒಂದು ಉದ್ದ ಹಗ್ಗ ಕೊಟ್ಟಿದ್ದೆ. ಹಗ್ಗ ಜೋತು ಬಿದ್ದರೆ ಒಬ್ಬರ ಮೇಲೊಬ್ಬರು ಬಿದ್ದಿದ್ದೀರಿ ಎಂದರ್ಥ, ಕೈಯಿಂದ ಜಗ್ಗಿದರೆ ದೂರವಾಗಿದ್ದೀರಿ ಎಂದರ್ಥ. ಮೊದಲ ದಿನವೇ ಒಬ್ಬ ಎಡವಿ, ಉಳಿದ ಮೂವರನ್ನೂ ಎಳೆದುಕೊಂಡು ಕೆಡವಿದ.

ನಮ್ಮ ಗೋಲ್‌ಕೀಪರ್ ಹುಲಗೂರಿನವನು, ಬೈಕ್ ಮೆಕ್ಯಾನಿಕ್. ಅವನ ಬಾಯಿ ಸುಮ್ಮನಿರುವುದಿಲ್ಲ. "ಸರ, ಚೆಂಡ ಹಿಡ್ಕೊಂಡು ನೀವೊಬ್ಬರ ಅಡ್ಡಾಡಾಕತ್ತೀರಿ. ನಾವು ನಿಮ್ಮ ಹಿಂದ ದನದಂಗ ತಿರಗಾಕತ್ತೇವಿ. ಇದಕ್ಕ ಫುಟ್‌ಬಾಲ್ ಅಂತಾರೇನ್ರಿ?"

"ಐದ್ ಗೋಲ್ ತಿಂದಾವ್ರು ಏನ ಆಡಿದ್ರೂ ಅದಕ್ಕ ಫುಟ್‌ಬಾಲ್ ಅನ್ನೂದಿಲ್ಲ. ಸುಮ್ನ ತಿರಗು," ಎಂದೆ.

ಹೀಗೆ ಒಟ್ಟಾಗಿರುವುದನ್ನು ಅವರು ಬೇಗ ಕಲಿತರು. ಕಷ್ಟವಾದದ್ದು ಮುಂದಿನ ಪಾಠ. ಎಲ್ಲರೂ ಒಟ್ಟಿಗೆ ಚೆಂಡಿನ ಮೇಲೆ ಮುಗಿಬೀಳುವುದಕ್ಕೆ ಒಂದು ಸರಿಯಾದ ಗಳಿಗೆ ಇರುತ್ತದೆ. ಎದುರಾಳಿ ಚೆಂಡನ್ನು ಸರಿಯಾಗಿ ತಡೆದುಕೊಳ್ಳದೆ ಕಾಲಿನಿಂದ ಚಿಮ್ಮಿಸಿಕೊಂಡಾಗ, ತನ್ನದೇ ಗೋಲಿನ ಕಡೆ ಮುಖ ಮಾಡಿ ಚೆಂಡು ಪಡೆದಾಗ, ಇಲ್ಲವೇ ಅಂಚಿನ ಗೆರೆಯ ಪಕ್ಕ ಸಿಕ್ಕಿಕೊಂಡಾಗ ಅವನಿಗೆ ಸುತ್ತಲಿನದು ಕಾಣುವುದಿಲ್ಲ. ಆ ಗಳಿಗೆಯಲ್ಲಿ ಮುಂದಾಳು ಓಡಿ ಅವನ ದಾರಿ ಕಟ್ಟಬೇಕು, ನಡುವಿನವರು ಹತ್ತಿರದ ಜೊತೆಗಾರರನ್ನು ಮುಚ್ಚಬೇಕು, ಹಿಂದಿನ ನಾಲ್ವರು ಮೇಲೇರಿ ಬಂದು ಖಾಲಿ ಜಾಗ ಉಳಿಸಬಾರದು. ಒಬ್ಬ ತಡಮಾಡಿದರೆ ಉಳಿದ ಹತ್ತು ಜನರ ಓಟ ದಂಡ. ಮತ್ತು ಇದೆಲ್ಲ ಶುರುವಾಗುವುದು ಮುಂದಾಳಿನ ಕಾಲಿನಿಂದ.

ನಮ್ಮ ಮುಂದಾಳೇ ನಮ್ಮ ಕ್ಯಾಪ್ಟನ್. ವೀಳ್ಯದೆಲೆಯ ವ್ಯಾಪಾರಿ, ನಲವತ್ತರ ಹತ್ತಿರ ಬಂದವರು. ತಂಡ ಕಟ್ಟಿದವರು, ಮೈದಾನದ ಜಾಲಿ ಕಡಿಸಿದವರು, ನನ್ನನ್ನು ಶಾಲೆಯ ಗೇಟಿನ ಹತ್ತಿರ ತಡೆದು "ನಮ್ಮ ಹುಡುಗರಿಗೆ ಒಂದೀಟ ಹೇಳಿಕೊಡ್ರಿ ಸರ" ಎಂದು ಒಪ್ಪಿಸಿದವರೂ ಅವರೇ. ಜಾತಿ ಮತ ಯಾವುದೇ ಇರಲಿ, ಇಡೀ ತಂಡ ಅವರನ್ನು ಭಾಯ್ ಎನ್ನುತ್ತಿತ್ತು. ಬಲಗಾಲಿನ ಹೊಡೆತ ಈಗಲೂ ಚೆನ್ನಾಗಿತ್ತು. ಓಟ ಮಾತ್ರ ಇರಲಿಲ್ಲ. ಎದುರಾಳಿಯ ಬಳಿ ಚೆಂಡಿದ್ದಾಗ ಅವರು ಸೊಂಟದ ಮೇಲೆ ಕೈಯಿಟ್ಟು, ಮಳೆ ಬರುತ್ತದೋ ಇಲ್ಲವೋ ನೋಡುವವರಂತೆ ನಿಲ್ಲುತ್ತಿದ್ದರು.

ಹಿಂದಿನಿಂದ ಇಡೀ ಮೈದಾನ ಕಾಣುವುದು ಸ್ಟಾಪರ್‌ಗೆ, ಅಂದರೆ ರಕ್ಷಣೆಯ ನಟ್ಟನಡುವಿನ ಆಟಗಾರನಿಗೆ. ಆದ್ದರಿಂದ ಕೂಗಿ ಹೇಳುವ ಕೆಲಸವನ್ನು ಅವನಿಗೆ ಒಪ್ಪಿಸಿದೆ. 'ಏರು' ಎಂದರೆ ಎಲ್ಲರೂ ಮುಗಿಬೀಳಬೇಕು, 'ನಿಲ್ಲು' ಎಂದರೆ ಎಲ್ಲರೂ ಹಿಂದೆ ಸರಿದು ಒಟ್ಟಾಗಬೇಕು. ಯಲವಿಗಿಯ ಹುಡುಗ, ಗಟ್ಟಿಮುಟ್ಟಾದ ಆಳು, ಆಟದ ಲೆಕ್ಕ ಚೆನ್ನಾಗಿ ಗೊತ್ತಿದ್ದವನು. ಅಭ್ಯಾಸದಲ್ಲಿ ನಾನು ಪಕ್ಕದಲ್ಲಿ ನಿಂತು ಕೇಳಿದರೆ, ಯಾವಾಗ ಏರಬೇಕು, ಯಾವಾಗ ಬೇಡ ಎಂದು ಪಿಸುಮಾತಿನಲ್ಲಿ ತಪ್ಪದೆ ಹೇಳುತ್ತಿದ್ದ. ಆದರೆ ಕೂಗು ಎಂದರೆ ಅವನಿಂದ ಆಗುತ್ತಿರಲಿಲ್ಲ. ಪಕ್ಕದ ಮೂವರಿಗೆ ಕೇಳುವಷ್ಟು ಏನೋ ಗೊಣಗುತ್ತಿದ್ದ. ನಾನು ಬೈದೆ, ಅಣಕಿಸಿದೆ, ಒಂದು ದಿನ ಮೈದಾನದ ಆಚೆ ತುದಿಯಲ್ಲಿ ನಿಲ್ಲಿಸಿ ಬರೀ ಕೂಗುವುದನ್ನೇ ಅಭ್ಯಾಸ ಮಾಡಿಸಿದೆ. ಅಲ್ಲಿ ಒಬ್ಬನೇ ನಿಂತಾಗ ಅವನ ಧ್ವನಿ ರೈಲಿನ ಶಿಳ್ಳೆಯ ಹಾಗೆ ಬರುತ್ತಿತ್ತು. ಆಟ ಶುರುವಾದರೆ ಮತ್ತೆ ಅದೇ ಗೊಣಗಾಟ.

ಕೊನೆಗೆ ಚಹಾದಂಗಡಿಯಲ್ಲಿ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದೆ. ಅವನು ಗ್ಲಾಸಿನೊಳಗೆ ನೋಡುತ್ತ ಕುಳಿತ.

"ಸರ, ಮುಂಜಾನಿ ನಾ ಭಾಯ್ ಅವರ ಗಾಡಿ ಹೊಡಿತೇನಿ. ಎಲಿ ಬುಟ್ಟಿ ಇಳಸು ಅಂದ್ರ ಇಳಸ್ತೇನಿ, ಹುಬ್ಬಳ್ಳಿಗೆ ಹೋಗು ಅಂದ್ರ ಹೋಗ್ತೇನಿ. ನಮ್ಮವ್ವ ಆಸ್ಪತ್ರ್ಯಾಗ ಇದ್ದಾಗ ಅವರ ಬಂದು ಕುಂತಿದ್ರು. ಅಂಥಾವ್ರಿಗೆ ಸಂಜಿಕ ಬಂದು 'ಏರು, ನಿಲ್ಲು' ಅಂತ ನಾ ಹೆಂಗ ಒದರ್ಲಿ?"

"ಬೇರೆಯವ್ರೂ ಅನ್ನೂದಿಲ್ಲಲ್ಲೋ."

"ಯಾರ ಅಂತಾರ್ರಿ? ಅವರ ಮುಂದ ಹಾದು ಓಡೂದು ಸೈತ ಬರೋಬ್ಬರಿ ಅಲ್ಲ ಅಂತ ನಮ್ಮ ಟೇಲರ್ ಚೆಂಡ ಬಿಡ್ತಾನ. ನೀವು ನೋಡಿಲ್ಲೇನು?"

ನಾನು ನೋಡಿದ್ದೆ, ಅರ್ಥ ಮಾಡಿಕೊಂಡಿರಲಿಲ್ಲ. ನಡುವಿನ ಆಟಗಾರನಾದ ಆ ಟೇಲರ್, ಚೆಂಡು ಭಾಯ್ ಹತ್ತಿರ ಉರುಳಿದರೆ ತಾನು ಎರಡು ಹೆಜ್ಜೆಯಲ್ಲಿ ಮುಟ್ಟಬಹುದಾಗಿದ್ದರೂ ನಿಂತುಬಿಡುತ್ತಿದ್ದ. ಸೋಮಾರಿತನ ಎಂದುಕೊಂಡು ಅವನನ್ನು ಬಯ್ಯುತ್ತಿದ್ದೆ. ಅದು ಮರ್ಯಾದೆಯಾಗಿತ್ತು. ಹತ್ತು ಜನ ಒಬ್ಬರಿಗೆ ಮರ್ಯಾದೆ ಕೊಡುತ್ತಿದ್ದರು, ಆ ಸಂದಿನಲ್ಲಿ ಹಾನಗಲ್ಲಿನವರು ಬಂದು ಗೋಲು ಹೊಡೆದುಕೊಂಡು ಹೋಗುತ್ತಿದ್ದರು.

ಕ್ಯಾಪ್ಟನ್‌ರನ್ನು ಹೊರಗೆ ಕೂರಿಸುವುದೊಂದೇ ದಾರಿ ಎಂದು ನಿಶ್ಚಯಿಸಿ ಮರುದಿನ ಅವರ ಅಂಗಡಿಗೆ ಹೋದೆ. ಒದ್ದೆ ಗೋಣಿ ಹೊದಿಸಿದ ಬುಟ್ಟಿಗಳ ನಡುವೆ ಕುಳಿತು ಅವರು ಎಲೆ ಆರಿಸುತ್ತಿದ್ದರು. "ಬರ್ರಿ ಸರ, ಕುಂಡ್ರಿ," ಎಂದು ಜಾಗ ಮಾಡಿಕೊಟ್ಟರು. ಮಾತು ಹೇಗೆ ಶುರು ಮಾಡಬೇಕೋ ತಿಳಿಯದೆ, ಅವರು ಆಡದೇ ಇದ್ದರೆ ತಂಡಕ್ಕೆ ಒಳ್ಳೆಯದಾಗಬಹುದು ಎಂದು ನೇರವಾಗಿಯೇ ಅಂದುಬಿಟ್ಟೆ. ಎಲೆ ಆರಿಸುತ್ತಿದ್ದ ಕೈ ನಿಂತಿತು.

"ನಾ ಓಡೂದಿಲ್ಲ ಅಂತನೇನ್ರಿ?"

"ಹೌದ್ರಿ."

"ಅಲ್ರಿ ಸರ, ಇಷ್ಟ ವರ್ಷ ಆತು, ಒಬ್ಬನರ ನನಗ 'ಓಡ್ರಿ ಭಾಯ್' ಅಂದಿದ್ರ ಓಡ್ತಿದ್ನಿ. ಯಾರೂ ಏನೂ ಅನ್ನೂದಿಲ್ಲ ಅಂದ್ಮ್ಯಾಲ ನಾ ಬರೋಬ್ಬರಿ ಆಡಾಕತ್ತೇನಿ ಅಂತ ತಿಳಕೊಂಡಿದ್ನಿ." ಅವರಿಗೆ ನಿಜಕ್ಕೂ ನೋವಾಗಿತ್ತು. ನನಗಿಂತ ತಮಗೇ ಹೇಳಿಕೊಳ್ಳುವವರಂತೆ ಮುಂದುವರಿಸಿದರು. "ಎಲ್ಲಾ ಕಡೆ ಹಿಂಗ ಆಗೈತಿ ನೋಡ್ರಿ. ಮದುವಿ ಊಟಕ್ಕ ಕುಂತ್ರ ನಾ ಏಳೂತನಕ ನಮ್ಮ ಹುಡುಗರು ಒಬ್ರೂ ಏಳೂದಿಲ್ಲ. ಹೊಟ್ಟಿ ತುಂಬಿ ಕೈ ಒಣಗಿದ್ರೂ ಕುಂತಿರ್ತಾರ. ನಾ ಎದ್ದ್ನೆಪಾ ಅಂದ್ರ ಎಲ್ಲಾರೂ ಒಮ್ಮೆಲೇ ಎದ್ದಬಿಡ್ತಾರ."

ನಾನು ಅಲ್ಲಿಗೆ ಹೋದದ್ದು ಅವರನ್ನು ಕೈಬಿಡಲು. ಆ ಮಾತು ಕೇಳಿ ನನ್ನ ಲೆಕ್ಕವೇ ತಿರುಗಿತು. ಎಲ್ಲರೂ ಒಮ್ಮೆಲೇ ಏಳಬೇಕು, ಒಬ್ಬನೂ ಮೊದಲು ಏಳಬಾರದು. ತಿಂಗಳಿಂದ ನಾನು ಬಾಯಿ ಬಡಿದುಕೊಳ್ಳುತ್ತಿದ್ದದ್ದು ಇದಕ್ಕಾಗಿಯೇ. ಊಟದ ಸಾಲಿನಲ್ಲಿ ನಮ್ಮ ಹುಡುಗರಿಗೆ ಅದು ಯಾರೂ ಕಲಿಸದೆ ಬರುತ್ತಿತ್ತು. ನಾನು ಮಾಡಿದ್ದ ತಪ್ಪೆಂದರೆ ಹಿಂದಿನವನು ಕೂಗಿ ಮುಂದಿನವರನ್ನು ಎಬ್ಬಿಸಬೇಕೆಂದು ಹಟ ಹಿಡಿದದ್ದು.

"ಭಾಯ್, ನೀವು ಆಡ್ರಿ," ಎಂದೆ. "ಆದ್ರ ಇನ್ನ ಮ್ಯಾಲ ಯಾರೂ ಒದರೂದು ಬ್ಯಾಡ. ನೀವು ಓಡಿದ್ರ ಎಲ್ಲಾರೂ ಓಡೂದು. ನೀವು ನಿಂತ್ರ ಎಲ್ಲಾರೂ ನಿಂತು ಹಿಂದ ಸರಿಯೂದು. ಯಾವಾಗ ಓಡೂದು ಅಂತ ನಾ ನಿಮಗ ಒಬ್ಬರಿಗೆ ಕಲಸ್ತೇನಿ."

"ನನಗ ಈ ವಯಸ್ಸಿನ್ಯಾಗ ಎಷ್ಟ ಸಲ ಓಡಾಕ ಆಗತೈತ್ರಿ?"

"ಕಡಿಮಿ ಸಲ ಓಡ್ರಿ. ಬರೋಬ್ಬರಿ ಹೊತ್ತಿಗೆ ಓಡ್ರಿ."

ಅಂದಿನಿಂದ ಅಭ್ಯಾಸದ ರೀತಿ ಬದಲಾಯಿತು. ಶಾಲೆ ಬಿಟ್ಟ ಕೂಡಲೇ ತಂಡದವರಲ್ಲಿ ನಾನು, ಕ್ಯಾಪ್ಟನ್ ಇಬ್ಬರೇ ಮೈದಾನದಲ್ಲಿ ಇರುತ್ತಿದ್ದೆವು. ನನ್ನ ಹೈಸ್ಕೂಲಿನ ಮಕ್ಕಳು ನಾಲ್ಕಾರು ಮಂದಿ ಚೆಂಡನ್ನು ಒಬ್ಬರಿಗೊಬ್ಬರು ದಾಟಿಸುತ್ತಿದ್ದರು, ಭಾಯ್ ನೋಡಿ ಆರಿಸಬೇಕಿತ್ತು. ಇದಕ್ಕೆ ಓಡಲೇ, ಬೇಡವೇ. ಶುರುವಿನಲ್ಲಿ ಎಲ್ಲದಕ್ಕೂ ಓಡಿ ಏದುಸಿರು ಬಿಟ್ಟರು. ಆಮೇಲೆ ವ್ಯಾಪಾರಿಯ ಕಣ್ಣು ಕೆಲಸ ಮಾಡತೊಡಗಿತು. ಬಾಡಿದ ಎಲೆಯನ್ನು ನೋಡಿದೊಡನೆ ಬದಿಗಿಡುವಂತೆ, ಓಡಬಾರದ ಚೆಂಡನ್ನು ಬಿಡುವುದು ಅವರಿಗೆ ಬಂತು. ಓಡುವ ದಾರಿಯನ್ನೂ ತಿದ್ದಿದೆವು. ಎದುರಾಳಿಯ ಎದೆಗೆ ನೇರ ಓಡದೆ, ಸ್ವಲ್ಪ ಬಾಗಿ ಬಂದು, ಅವನು ಅಂಚಿನ ಗೆರೆಯ ಕಡೆಗೇ ತಿರುಗುವಂತೆ ಮಾಡಬೇಕು. ಮುಂದಿನ ಕೆಲಸವನ್ನು ಆ ಗೆರೆಯೇ ಮಾಡುತ್ತದೆ.

ಉಳಿದವರಿಗೆ ನಾನು ಹೇಳಿದ್ದು ಇಷ್ಟೇ: "ಭಾಯ್ ಎದ್ರು ಅಂದ್ರ ಏಳ್ರಿ." ಇಷ್ಟು ಹೇಳಿದ್ದೇ ತಡ, ತಂಡಕ್ಕೆ ಕಾಲು ಬಂತು. ಅವರು ಎರಡು ಹೆಜ್ಜೆ ಹಾಕುವಷ್ಟರಲ್ಲಿ ಟೇಲರ್ ಹತ್ತಿರದವನನ್ನು ಮುಚ್ಚಿರುತ್ತಿದ್ದ, ಹಿಂದಿನ ಸಾಲು ಹಗ್ಗವಿಲ್ಲದೆಯೇ ಹಗ್ಗ ಹಿಡಿದವರ ಹಾಗೆ ಮೇಲೇರುತ್ತಿತ್ತು. ಸಂಜೆಯ ಬಿಸಿಲಲ್ಲಿ ಹನ್ನೊಂದು ನೆರಳು ಒಟ್ಟಿಗೆ ಸರಿಯುವುದನ್ನು ಮೊದಲ ಸಲ ನೋಡಿದೆ. ನನ್ನ ಖುಷಿ ಯಾರಿಗೂ ಕಾಣದಿರಲೆಂದು ಶಿಳ್ಳೆ ಊದಿ, ಸುಮ್ಮಸುಮ್ಮನೆ ಗೋಲ್‌ಕೀಪರನನ್ನು ಬೈದೆ.

ಎರಡನೆಯ ಸುತ್ತಿನಲ್ಲಿ ಶಿಗ್ಗಾವಿಯವರನ್ನು ಒಂದು ಗೋಲಿನಿಂದ ಸೋಲಿಸಿದೆವು. ಅಂಚಿನ ಗೆರೆಯಲ್ಲಿ ಸಿಕ್ಕಿಬಿದ್ದ ಅವರ ಹುಡುಗ ಗಾಬರಿಯಲ್ಲಿ ಚೆಂಡನ್ನು ಟೇಲರ್‌ನ ಕಾಲಿಗೇ ಕೊಟ್ಟ. ಹಿರೇಕೆರೂರಿನವರ ಜೊತೆ ಸಮ ಮಾಡಿಕೊಂಡೆವು. ಹಂಸಭಾವಿಯ ಕಡೆಯಿಂದ ಬಂದಿದ್ದ ಅವರ ಬೆಂಬಲಿಗರು ಆಟ ಮುಗಿದ ಮೇಲೆ, "ನಿಮ್ಮಾವ್ರು ಹನ್ನೊಂದ ಮಂದಿನ ಇದ್ರೋ ಹೆಚ್ಚಿದ್ರೋ," ಎಂದು ಕೇಳಿದರು. ಆ ಮಾತನ್ನು ನಾನು ವಾರವಿಡೀ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಈಗ ಉಳಿದದ್ದು ಹಾನಗಲ್ಲಿನವರ ಜೊತೆ ಒಂದೇ ಪಂದ್ಯ. ಸೋಲದೆ ಇದ್ದರೆ ಶಿಗ್ಗಾವಿಯವರಿಗಿಂತ ಮೇಲೆ ಉಳಿಯುತ್ತೇವೆ, ಸೋತರೆ ನಾವೇ ಕೊನೆ.

ಪಂದ್ಯ ಹಾನಗಲ್ಲಿನಲ್ಲೇ ಇತ್ತು. ಎಲೆ ಸಾಗಿಸುವ ಗಾಡಿಯಲ್ಲಿ, ಎಲೆಯ ವಾಸನೆಯ ನಡುವೆ ಹೋದೆವು. ಸ್ಟಾಪರನೇ ಗಾಡಿ ಓಡಿಸಿದ. ಮೊದಲರ್ಧದಲ್ಲಿ ನಮ್ಮವರು ಆಡಿದ ಆಟ ನೋಡಿ ಹಾನಗಲ್ಲಿನ ಕೋಚ್ ಎದ್ದು ನಿಂತವರು ಕೂರಲೇ ಇಲ್ಲ. ಭಾಯ್ ಆರಿಸಿ ಆರಿಸಿ ಓಡಿದರು. ಓಡಿದಾಗಲೆಲ್ಲ ಅವರ ಹಿಂದೆ ಒಂದು ಗೋಡೆಯೇ ಸರಿದು ಬರುತ್ತಿತ್ತು. ಹಾಗೆ ಕಸಿದ ಒಂದು ಚೆಂಡನ್ನು ಅವರೇ ಬಲಗಾಲಿನಿಂದ ಒಳಗೆ ಹಾಕಿದರು.

ಎರಡನೆಯ ಅರ್ಧದಲ್ಲಿ ಭಾಯ್ ದಣಿದರು. ನನಗೆ ಕಂಡಿತು. ಬದಲಿ ಆಟಗಾರನನ್ನು ಎಬ್ಬಿಸಿ ನಿಲ್ಲಿಸಿದೆ. ಭಾಯ್ ದೂರದಿಂದಲೇ ನೋಡಿ, ಬೇಡವೆಂದು ಕೈಯಾಡಿಸಿದರು. ಅವರಿಲ್ಲದಿದ್ದರೆ ಉಳಿದವರು ಯಾರನ್ನು ನೋಡಿ ಓಡಬೇಕು? ಬದಲಿಯವನನ್ನು ಮತ್ತೆ ಕೂರಿಸಿ, ಅವರನ್ನೇ ಆಡಲು ಬಿಟ್ಟೆ. ದಣಿದ ಮನುಷ್ಯನಿಗೆ ಮೊದಲು ಕೈಕೊಡುವುದು ಕಾಲಲ್ಲ, ಆರಿಸುವ ಬುದ್ಧಿ. ಹಾನಗಲ್ಲಿನವನೊಬ್ಬ ಆರಾಮಾಗಿ, ತಲೆಯೆತ್ತಿಕೊಂಡು, ಎದುರಿಗೆ ಮುಖ ಮಾಡಿ ಚೆಂಡು ಪಡೆದ. ಓಡಲೇಬಾರದ ಗಳಿಗೆ ಅದು. ಭಾಯ್ ಓಡಿದರು. ಅವರು ಓಡಿದರೆಂದು ಎಲ್ಲರೂ ಓಡಿದರು. ಅವನು ನಮ್ಮೆಲ್ಲರ ತಲೆಯ ಮೇಲಿಂದ ಚೆಂಡನ್ನು ಹಿಂದಿನ ಖಾಲಿ ಜಾಗಕ್ಕೆ ಎತ್ತಿ ಹಾಕಿದ. ಅಲ್ಲಿಗೆ ಓಡಿ ಬಂದ ಅವರ ಇನ್ನೊಬ್ಬನೆದುರು ನಮ್ಮ ಗೋಲ್‌ಕೀಪರ್ ಒಬ್ಬನೇ ಉಳಿದಿದ್ದ. ಒಂದಕ್ಕೊಂದು ಸಮವಾಯಿತು.

ನಾನೇ ಕಲಿಸಿದ ವಿದ್ಯೆ ನನ್ನ ಕಣ್ಣೆದುರೇ ನಮ್ಮನ್ನು ಮುಳುಗಿಸುತ್ತಿತ್ತು. ಒಬ್ಬರನ್ನೇ ನೋಡಿ ಹತ್ತು ಜನ ಓಡುವುದನ್ನು ಕಲಿಸಿದ್ದೆ. ಆ ಒಬ್ಬರು ತಪ್ಪಿದರೆ ತಡೆಯುವವರು ಯಾರೆಂದು ಯೋಚಿಸಿರಲಿಲ್ಲ. ಗೆರೆಯ ಪಕ್ಕ ನಿಂತು ನಾನು ಕೂಗಿದ್ದು ಜನರ ಗದ್ದಲದಲ್ಲಿ ನನ್ನ ಕಿವಿಗೇ ಕೇಳಲಿಲ್ಲ.

ಆಟ ಮುಗಿಯಲು ಸ್ವಲ್ಪವೇ ಹೊತ್ತಿತ್ತು. ಅದೇ ಆಟಗಾರ, ಅದೇ ಜಾಗ, ಮತ್ತೆ ತಲೆಯೆತ್ತಿಕೊಂಡು ಚೆಂಡು ಪಡೆದ. ತಪ್ಪಿಗೆ ತಾವೇ ಪರಿಹಾರ ಮಾಡಬೇಕೆಂಬ ಹಟದಲ್ಲಿ ಭಾಯ್ ಮತ್ತೆ ಮುಂದಕ್ಕೆ ಬಾಗಿದರು. ಟೇಲರ್ ಬಾಗಿದ. ಇಡೀ ಸಾಲು ಬಾಗಿತು.

"ಭಾಯ್, ಬ್ಯಾಡ. ನಿಲ್ರಿ. ಹಿಂದ ಬರ್ರಿ."

ಯಲವಿಗಿಯ ಹುಡುಗನ ಧ್ವನಿ. ಮೈದಾನದ ಆಚೆ ತುದಿಯಲ್ಲಿ ಒಬ್ಬನೇ ನಿಂತಾಗ ಬರುತ್ತಿದ್ದ ಆ ಧ್ವನಿ ಎಲ್ಲರೆದುರಿಗೆ, ಹಾನಗಲ್ಲಿನ ಜನರೆಲ್ಲ ತಿರುಗಿ ನೋಡುವ ಹಾಗೆ ಬಂತು. ಎತ್ತಿದ ಕಾಲನ್ನು ಭಾಯ್ ಅಲ್ಲೇ ಊರಿದರು. ತಿರುಗಿ ನೋಡಲಿಲ್ಲ. ಚೆಂಡಿನ ಕಡೆ ಮುಖವಿಟ್ಟೇ ಹೆಜ್ಜೆ ಹೆಜ್ಜೆಯಾಗಿ ಹಿಂದೆ ಬಂದರು, ಅವರೊಡನೆ ಎಲ್ಲರೂ ಬಂದರು. ಚೆಂಡು ಹಿಡಿದವನು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಎಲ್ಲೂ ಸಂದು ಸಿಗದೆ ಬೇಸರದಿಂದ ದೂರಕ್ಕೆ ಒದ್ದ. ಅದು ನೇರ ನಮ್ಮ ಗೋಲ್‌ಕೀಪರನ ಕೈ ಸೇರಿತು. ಆಮೇಲೆ ಮುಗಿಯುವವರೆಗೂ ಆ ಧ್ವನಿ ನಿಲ್ಲಲಿಲ್ಲ. ಬರ್ರಿ, ನಿಲ್ರಿ, ಎಡಕ್ಕ, ಈಗ ಹೋಗ್ರಿ. ಭಾಯ್ ಹೇಳಿದಂತೆ ಕೇಳಿದರು. ಒಂದು ಅಂಕ ಸಿಕ್ಕಿತು, ನಮ್ಮ ಜಾಗ ಉಳಿಯಿತು.

ಗಾಡಿಯಲ್ಲಿ ಹಿಂದೆ ಕುಳಿತವರು ಹಾಡುತ್ತಿದ್ದರು. ಮುಂದೆ ಸ್ಟಾಪರ್ ಸ್ಟೇರಿಂಗ್ ಹಿಡಿದು ಮುಖ ಕೆಳಗೆ ಹಾಕಿ ಕುಳಿತಿದ್ದ, ಗಾಡಿ ಚಾಲೂ ಮಾಡಿರಲಿಲ್ಲ. ಊರೆದುರಿಗೆ ಮಾಲೀಕರನ್ನು ಗದರಿಸಿದವನಂತೆ ಅವನ ಕಿವಿ ಕೆಂಪಗಾಗಿತ್ತು. ಭಾಯ್ ಬಂದು ನನ್ನನ್ನು ಸರಿಸಿ ಅವನ ಪಕ್ಕದಲ್ಲಿ ಕುಳಿತರು. ಮೊಣಕಾಲು ನೀವಿಕೊಳ್ಳುತ್ತ ಅವನ ಕಡೆ ತಿರುಗಿದರು.

"ಆ ಗೋಲ್ ಆಗೂ ಮುಂಚೆ ಯಾಕ ಕರೀಲಿಲ್ಲೋ?"

ಅವನು ಕಣ್ಣೆತ್ತಲಿಲ್ಲ. "ಕರದಿದ್ನಿ ಭಾಯ್. ಒಳಗ ಕರದಿದ್ನಿ. ದನಿ ಹೊರಗ ಬರಲಿಲ್ಲ."

"ಎಷ್ಟ ದಿನದಿಂದ ಒಳಗ ಕರಿಯಾಕತ್ತಿ?"

"ತಂಡಕ್ಕ ಬಂದಾಗಿಂದ್ರಿ."

ಭಾಯ್ ಕೈ ಚಾಚಿ ತಾವೇ ಚಾವಿ ತಿರುಗಿಸಿ ಗಾಡಿ ಚಾಲೂ ಮಾಡಿದರು.

"ನಡಿ," ಎಂದರು. "ನಾಳಿಂದ ಅಂಗಡ್ಯಾಗೂ ನಾ ತಪ್ಪಿದ್ರ ಹೊರಗ ಕರಿ."